ಕಬ್ಬನ್ ಸಾಹೇಬರು ನಂದಿಬೆಟ್ಟ ಬಿಟ್ಟು ಹೊರಟಾಗ

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಒಮ್ಮೆಯಾದರೂ ಅಡ್ಡಾಡದ ಕನ್ನಡಿಗರು ಕಡಿಮೆ. ಆದರೆ ಆ ಹೆಸರಿನ ಮನುಷ್ಯ ಊರಿಗೆ ಹೊರಟು ಊರು ಸೇರಲಿಲ್ಲ, ನಮ್ಮ ಕೊಲ್ಲಿಗೆ ಹೆಚ್ಚು ದೂರವಲ್ಲದ ಸೂಯೆಜ್‌ನಲ್ಲಿ ತೀರಿಕೊಂಡರು ಎಂಬುದು ಬಹಳ ಜನಕ್ಕೆ ತಿಳಿಯದು.

ಮಾರ್ಕ್ ಕಬ್ಬನ್ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದವರು. 1800ರಲ್ಲಿ ಮದ್ರಾಸಿನ ಸೈನ್ಯ ಸೇರಲು ಬಂದರು. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡಿದ್ದರು. 1834ರಲ್ಲಿ ಕಮಿಷನರ್ ಆದ ಕಬ್ಬನ್, 1861ರವರೆಗೆ ಬೆಂಗಳೂರಿನಿಂದಲೇ ಇಡೀ ಸೀಮೆಯನ್ನು ನಡೆಸಿದರು.

ಬೇಸಿಗೆ ಬಂತೆಂದರೆ ಅವರಿಗೆ ನಂದಿಬೆಟ್ಟ. ಸುಮಾರು 1,478 ಮೀಟರ್ ಎತ್ತರದ ಆ ತಂಪಿನಲ್ಲಿ ಅವರಿಗೊಂದು ಬಂಗಲೆಯಿತ್ತು. ಬೆಟ್ಟವೇನೂ ಅವರಿಂದ ಹೆಸರಾದದ್ದಲ್ಲ. ತಪ್ಪಲಿನಲ್ಲಿ ಭೋಗನಂದೀಶ್ವರನ ದೇಗುಲ ಸಾವಿರ ವರ್ಷಕ್ಕೂ ಹಿಂದಿನಿಂದ ಇದೆ. ಮೇಲೆ ಟಿಪ್ಪುವಿನ ಬೇಸಿಗೆ ಅರಮನೆ ಇದೆ. ಅವನು ಗಟ್ಟಿಮಾಡಿದ ಕೋಟೆಯನ್ನು ಕಾರ್ನ್‌ವಾಲಿಸನ ಸೈನ್ಯ 1791ರ ಅಕ್ಟೋಬರಿನಲ್ಲಿ ಹಿಡಿಯಿತು. ಯುದ್ಧದ ಗುಡ್ಡವೇ ಮುಂದೆ ಸಾಹೇಬರ ವಿಶ್ರಾಂತಿಯ ಗುಡ್ಡವಾಯಿತು.

1860ರಲ್ಲಿ ಮೈಸೂರನ್ನು ಮದ್ರಾಸ್ ಸರ್ಕಾರದ ಅಧೀನಕ್ಕೆ ಒಪ್ಪಿಸುವ ಆಜ್ಞೆ ಬಂತು. ಒಡೆಯರು ವಿರೋಧಿಸಿದರು, ಕಬ್ಬನ್ ರಾಜೀನಾಮೆ ಕೊಡಲು ಮುಂದಾದರು. ಕೊನೆಗೆ ಆಜ್ಞೆಯೇ ಹಿಂದಕ್ಕೆ ಹೋಯಿತು. ಆದರೆ 1861ರ ಆರಂಭದ ಹೊತ್ತಿಗೆ ಅವರ ಆರೋಗ್ಯ ಕೆಟ್ಟಿತ್ತು. ಹುದ್ದೆ ಬಿಟ್ಟು, ಬೆಂಗಳೂರನ್ನೂ ಬೆಟ್ಟವನ್ನೂ ಬಿಟ್ಟು ಹೊರಟರು.

ಆಗ ಸೂಯೆಜ್ ಕಾಲುವೆ ಇರಲಿಲ್ಲ. ಅದು ತೆರೆದದ್ದು 1869ರಲ್ಲಿ. ಭಾರತದಿಂದ ಹೋಗುವವರು ಕೆಂಪು ಸಮುದ್ರದ ತುದಿಯ ಸೂಯೆಜ್‌ನಲ್ಲಿ ಹಡಗಿಳಿದು, ರೈಲಿನಲ್ಲಿ ಈಜಿಪ್ಟ್ ದಾಟಿ, ಅಲೆಕ್ಸಾಂಡ್ರಿಯದಲ್ಲಿ ಮತ್ತೆ ಹಡಗು ಹತ್ತಬೇಕಿತ್ತು. ಕಬ್ಬನ್ ಸೂಯೆಜ್ ದಾಟಲಿಲ್ಲ. 1861ರ ಏಪ್ರಿಲ್‌ನಲ್ಲಿ ಅಲ್ಲಿಯೇ ಪ್ರಾಣ ಬಿಟ್ಟರು. ಭಾರತಕ್ಕೆ ಕಾಲಿಟ್ಟು 61 ವರ್ಷವಾಗಿತ್ತು. ಹುಟ್ಟಿದ ದ್ವೀಪ ಸೇರಿದ್ದು ದೇಹ ಮಾತ್ರ.

ಕೊಲ್ಲಿಯಲ್ಲಿ ಹಲವು ವರ್ಷ ದುಡಿದು, ಈಗ ಟೊರಾಂಟೊದ ಉತ್ತರಕ್ಕಿರುವ ನ್ಯೂಮಾರ್ಕೆಟ್‌ನಲ್ಲಿ ನೆಲೆಸಿರುವ ನನಗೆ ಈ ಕಥೆ ಶರತ್ಕಾಲ ಮುಗಿಯುವ ದಿನಗಳಲ್ಲಿ ಹೆಚ್ಚು ಕಾಡುತ್ತದೆ. ಇಲ್ಲಿ ಬೇಸಿಗೆ ಮನೆ ಇರುವವರು ಅಕ್ಟೋಬರ್‌ನ ಎರಡನೇ ಸೋಮವಾರದ ಥ್ಯಾಂಕ್ಸ್‌ಗಿವಿಂಗ್ ಸುಮಾರಿಗೆ ಕೆರೆ ದಂಡೆಯ, ಗುಡ್ಡದ ಕಾಟೇಜುಗಳಿಗೆ ಬೀಗ ಹಾಕಿ ಬರುತ್ತಾರೆ. ನೀರು ಹೆಪ್ಪುಗಟ್ಟಿ ಪೈಪು ಒಡೆಯಬಾರದೆಂದು ಕೊನೆಯ ಹನಿಯವರೆಗೂ ಬಸಿದು, ದೋಣಿಯನ್ನು ದಡಕ್ಕೆಳೆದು ಮಗುಚಿ ಇಡುತ್ತಾರೆ. ಈ ಪದ್ಧತಿ ಹಳೆಯದು. ನೂರು ವರ್ಷದ ಹಿಂದೆ ಟೊರಾಂಟೊದ ಜನ ನ್ಯೂಮಾರ್ಕೆಟ್ ಮೂಲಕ ಸಿಮ್ಕೋ ಕೆರೆಯ ದಂಡೆಗೆ ವಿದ್ಯುತ್ ಟ್ರಾಮಿನಲ್ಲಿ ಹೋಗುತ್ತಿದ್ದರು. ಆ ಟ್ರಾಮು 1930ರಲ್ಲಿ ನಿಂತಿತು, ಬೀಗ ಹಾಕುವ ಪದ್ಧತಿ ನಿಲ್ಲಲಿಲ್ಲ.

ಇವರ ವಿದಾಯದಲ್ಲಿ ದುಃಖವಿಲ್ಲ, ಏಕೆಂದರೆ ಮೇ ತಿಂಗಳಲ್ಲಿ ಮತ್ತೆ ಬೀಗ ತೆಗೆಯುತ್ತಾರೆ. ಕಬ್ಬನ್ನರ ವಿದಾಯಕ್ಕೆ ಮರಳುವ ತಿಂಗಳಿರಲಿಲ್ಲ. ನಮ್ಮದು ಇವೆರಡರ ನಡುವಿನದು. ಪ್ರತಿ ರಜೆ ಮುಗಿದಾಗ 'ಮುಂದಿನ ವರ್ಷ ಬರ್ತೀವಿ' ಎಂದು ಹೇಳಿ ಹೊರಡುತ್ತೇವೆ. ಮಕ್ಕಳ ಓದು, ಮನೆಯ ಸಾಲ, ಇನ್ನೊಂದು ಕಾಂಟ್ರಾಕ್ಟು ಎನ್ನುತ್ತಾ ವರ್ಷಗಳು ಉರುಳುತ್ತವೆ. ಒಮ್ಮೆ ಹೇಳಿದ ಆ ಮಾತೇ ಕೊನೆಯದಾಗಿತ್ತೆಂದು ಆಮೇಲೆ ತಿಳಿಯುತ್ತದೆ.

ಬೆಟ್ಟ ಮಾತ್ರ ಯಾರಿಗೂ ಕಾಯಲಿಲ್ಲ. 1927ರಲ್ಲಿ ಕಾಯಿಲೆಬಿದ್ದ ಗಾಂಧೀಜಿ ಅಲ್ಲಿ ಸುಧಾರಿಸಿಕೊಂಡರು, 1936ರಲ್ಲಿ ಮತ್ತೆ ಬಂದರು. 1986ರ ನವೆಂಬರಿನಲ್ಲಿ ಬೆಂಗಳೂರಿನ ಸಾರ್ಕ್ ಸಮ್ಮೇಳನದ ನಾಯಕರು ಅಲ್ಲಿ ಕಲೆತರು. ಸಾಹೇಬರಿಗೆ ಮೀಸಲಾಗಿದ್ದ ಆ ತಂಪು ಈಗ ಭಾನುವಾರ ಬೆಳಗ್ಗೆ ಬೈಕು ಏರಿ ಬರುವ ಹುಡುಗರದು. ಕುದುರೆ ಏರಿದ ಕಬ್ಬನ್ನರ ಪ್ರತಿಮೆಯೂ ಕದಲದೆ ಉಳಿಯಲಿಲ್ಲ. 2020ರಲ್ಲಿ ಹೈಕೋರ್ಟಿನ ಆವರಣದಿಂದ ಪಾರ್ಕಿನೊಳಕ್ಕೆ ಹೋಯಿತು.

ಆಗ ವಾರಗಟ್ಟಲೆ ಹಿಡಿಯುತ್ತಿದ್ದ ಕಡಲದಾರಿ ಈಗ ದುಬೈನಿಂದ ನಾಲ್ಕು ಗಂಟೆಯ ವಿಮಾನ. ಅದು ಇಳಿಯುವ ದೇವನಹಳ್ಳಿಯಿಂದ ನಂದಿ ಕೂಗಳತೆಯಲ್ಲೇ ಇದೆ ಎನ್ನಬಹುದು. ದಾರಿ ಹತ್ತಿರವಾಗಿದೆ. ಊರಿನಲ್ಲಿ ಕಾಯುತ್ತಿರುವವರ ವಯಸ್ಸು ಮಾತ್ರ ನಮ್ಮ ರಜೆಯ ಲೆಕ್ಕ ಕೇಳುವುದಿಲ್ಲ. ಹೋಗುವ ಮನಸ್ಸಿದ್ದವರು ಟಿಕೆಟ್ಟನ್ನು ಈ ವರ್ಷವೇ ತೆಗೆಸುವುದು ಒಳ್ಳೆಯದು.