ಎಂಟಡಿ ಚಾಟಿ

ಸಿಯಾಟಲ್‌ಗೆ ಬಂದ ಮೊದಲೆರಡು ವರ್ಷ ಆಫೀಸಿನ ಹ್ಯಾಲೊವೀನ್‌ಗೆ ಜುಬ್ಬಾ ಪೈಜಾಮ ಹಾಕಿಕೊಂಡು ಹೋಗಿ, "ಇದೇ ನನ್ನ ವೇಷ" ಅಂತ ತಪ್ಪಿಸಿಕೊಂಡಿದ್ದೆ. ಮೂರನೇ ವರ್ಷಕ್ಕೆ ಆ ಜೋಕು ಹಳಸಿತ್ತು. ಸರಿ, ಮಾಡಿದರೆ ಇಂಡಿಯಾನಾ ಜೋನ್ಸನನ್ನೇ ಮಾಡಬೇಕು ಅಂತ ತೀರ್ಮಾನಿಸಿದೆ. ಕಾಲೇಜಿನಲ್ಲಿದ್ದಾಗ ಬಾಡಿಗೆ ಸಿಡಿ ತಂದು 'ರೇಡರ್ಸ್ ಆಫ್ ದ ಲಾಸ್ಟ್ ಆರ್ಕ್' ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ಇತಿಹಾಸದ ಮೇಷ್ಟ್ರೊಬ್ಬ ಹೀರೋ ಆಗಬಹುದು ಅಂತ ತೋರಿಸಿದ ಸಿನಿಮಾ ಅದು. ಎಂಜಿನಿಯರಿಂಗ್ ಓದುತ್ತಾ ಒಳಗೊಳಗೇ ಇತಿಹಾಸ ಓದಬೇಕಿತ್ತು ಅಂದುಕೊಳ್ಳುವವರಿಗೆ ಅದಕ್ಕಿಂತ ಇನ್ನೇನು ಬೇಕು?

ವೇಷದ ಉಳಿದ ಭಾಗ ಸುಲಭ. ಟೊಪ್ಪಿ ಲಂಡನ್ನಿನ ಹರ್ಬರ್ಟ್ ಜಾನ್ಸನ್ ಅಂಗಡಿಯದ್ದು, ಅದನ್ನು ಹೋಲುವ ಫೆಡೋರಾಗಳು ಎಲ್ಲಾ ಕಡೆ ಸಿಗುತ್ತವೆ. ಕಂದು ಜಾಕೆಟ್ಟು, ಖಾಕಿ ಅಂಗಿ ಮನೆಯಲ್ಲೇ ಇತ್ತು. ಹೆಗಲಿನ ಚೀಲ ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಗ್ಯಾಸ್ ಮಾಸ್ಕ್ ಬ್ಯಾಗು. ಕತೆ ನಡೆಯುವುದು 1936ರಲ್ಲಿ, ಆ ಬ್ಯಾಗು ಬಂದದ್ದು ಯುದ್ಧ ಶುರುವಾದ ಮೇಲೆ. ಪುರಾತತ್ವ ಪ್ರೊಫೆಸರನ ಹೆಗಲಿಗೇ ಇಸವಿ ತಪ್ಪಿದ ವಸ್ತು! ಇರಲಿ ಬಿಡಿ. ನಾನು ಸಿಕ್ಕಿಹಾಕಿಕೊಂಡದ್ದು ಚಾಟಿಯಲ್ಲಿ.

ಬುಲ್‌ವಿಪ್ ಅಂದರೆ ಹಗ್ಗಕ್ಕೆ ಹಿಡಿ ಕಟ್ಟಿದ ಸಾಮಾನು ಅಂತ ನಾನು ತಿಳಿದಿದ್ದೆ. ಹಾಗಲ್ಲ. ಗೇಣುದ್ದದ ಗಟ್ಟಿ ಹಿಡಿ, ಅದರಿಂದಲೇ ಮುಂದುವರಿಯುವ ಜಡೆಯಂಥ ಹೆಣಿಗೆ, ಅದರ ತುದಿಗೆ ಒಂದೇ ಎಳೆಯ ಚರ್ಮದ ಪಟ್ಟಿ, ಕೊಟ್ಟಕೊನೆಗೆ ದಾರದ ಒಂದು ಕುಚ್ಚು. ಸವೆಯುವುದು ಕೊನೆಯ ಎರಡೇ, ಅವನ್ನು ಬದಲಾಯಿಸುತ್ತಾ ಹೋದರೆ ಚಾಟಿ ಹತ್ತಾರು ವರ್ಷ ಬಾಳುತ್ತದೆ. ಹೆಣಿಗೆಯ ಒಳಗೆ ಇನ್ನೊಂದು ಹೆಣಿಗೆ ಇರುತ್ತದೆ, ಹಿಡಿಯಿಂದ ತುದಿಗೆ ಹೋಗುತ್ತಾ ಎಲ್ಲವೂ ಸಣ್ಣಗಾಗುತ್ತದೆ. ಮೊದಲ ಮೂರು ಸಿನಿಮಾಗಳ ಚಾಟಿಗಳನ್ನು ಮಾಡಿದ್ದು ಡೇವಿಡ್ ಮಾರ್ಗನ್ ಎಂಬವರು, ಕಾಂಗರೂ ಚರ್ಮದಲ್ಲಿ, ಹನ್ನೆರಡು ಎಳೆ ಹೆಣೆದು. ಅವರ ವ್ಯಾಪಾರ ಇದ್ದದ್ದು ಬಾಥೆಲ್‌ನಲ್ಲಿ. ಅದು ನಮ್ಮ ಮನೆಯಿಂದ ಇಂಡಿಯನ್ ಸ್ಟೋರಿಗೆ ಹೋಗುವಷ್ಟೇ ದೂರ. ಅಷ್ಟು ವರ್ಷ ಆ ಊರಿನ ಬೋರ್ಡು ನೋಡಿಕೊಂಡು ಹೋಗುತ್ತಿದ್ದೆ, ಗೊತ್ತೇ ಇರಲಿಲ್ಲ.

ಕಾಂಗರೂ ಯಾಕೆ? ತೆಳ್ಳಗೆ ಸೀಳಿದರೂ ಹರಿಯದಷ್ಟು ಗಟ್ಟಿ ಅದು. ದನದ ಚರ್ಮ ಅಗ್ಗ, ಆದರೆ ದಪ್ಪ ಇಡಬೇಕು, ತುದಿ ನಾಜೂಕಾಗಿ ಬರುವುದಿಲ್ಲ. ನೈಲಾನಿನದ್ದು ಮಳೆಗೆ ಹೆದರುವುದಿಲ್ಲ, ಸಿಯಾಟಲ್ ಹವೆಗೆ ಹೇಳಿ ಮಾಡಿಸಿದ್ದು, ಆದರೆ ನೋಡಿದರೆ ಬಾವಿ ಹಗ್ಗ. ಸ್ಯಾನ್ ಹೋಸೆಯಲ್ಲಿರುವ ಗೆಳೆಯನೊಬ್ಬ ನಾನೂ ತಗೋತೀನಿ ಅಂದ. ಕ್ಯಾಲಿಫೋರ್ನಿಯಾದಲ್ಲಿ ಕಾಂಗರೂ ಚರ್ಮದ ಮಾಲು ಮಾರುವುದೇ ಕಾನೂನುಬಾಹಿರ ಅಂತ ಆಮೇಲೆ ತಿಳಿಯಿತು.

ಸಿನಿಮಾದ್ದು ಹೆಚ್ಚಾಗಿ ಹತ್ತಡಿ ಚಾಟಿ. ಆ ಹತ್ತಡಿಯ ಲೆಕ್ಕದಲ್ಲಿ ಕೊನೆಯ ಪಟ್ಟಿ, ಕುಚ್ಚು ಸೇರುವುದಿಲ್ಲ. ಕೈಗೆ ಬಂದಾಗ ಅದು ಹನ್ನೆರಡು ಅಡಿ ದಾಟಿರುತ್ತದೆ. ಐದೂವರೆ ಅಡಿಯ ನನಗೆ ಎಂಟಡಿಯೇ ಜಾಸ್ತಿ. ಹೊಸದಾದರೆ ಒಂದು ಒಳ್ಳೆ ಲ್ಯಾಪ್‌ಟಾಪಿನ ದುಡ್ಡು. ನಾನು ಯಾರೋ ಬಳಸಿ ಬಿಟ್ಟ ಎಂಟಡಿಯ ಕಾಂಗರೂ ಚಾಟಿ ಕೊಂಡೆ. ಹೆಂಡತಿಗೆ ಅರ್ಧ ಬೆಲೆ ಹೇಳಿದೆ.

ಅದನ್ನು ಸುತ್ತುವುದಕ್ಕೂ ಒಂದು ಕ್ರಮ ಇದೆ. ಚಾಟಿಗೆ ತನ್ನದೇ ಆದ ಒಂದು ಬಾಗು ಇರುತ್ತದೆ, ಅದರ ಕಡೆಗೇ ದೊಡ್ಡ ದೊಡ್ಡ ಸುತ್ತು ಹಾಕಬೇಕು. ಬಿಗಿಯಾಗಿ ಸುತ್ತಿದರೆ ಮುರುಟಿಕೊಳ್ಳುತ್ತದೆ. ಬೆಲ್ಟಿನ ಎಡಕ್ಕೆ ಒಂದು ಚರ್ಮದ ಕುಣಿಕೆ, ಸುರುಳಿ ಅದರಲ್ಲಿ ನೇತಾಡಬೇಕು. ಕಾರಿನಲ್ಲಿ ಕೂರುವಾಗ ತೆಗೆಯದಿದ್ದರೆ ಗೇರಿಗೆ ಸಿಕ್ಕಿಕೊಳ್ಳುತ್ತದೆ (ಅನುಭವ). ಬೀಸಲು ಹೋಗುವವರು ಕಣ್ಣಿಗೆ ಕನ್ನಡಕ, ಮೈಮೇಲೆ ತುಂಬುತೋಳು, ತಲೆಗೆ ಟೊಪ್ಪಿ ಇಟ್ಟುಕೊಳ್ಳಿ. ನಾನು ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಮೊದಲ ದಿನವೇ ನನ್ನ ಕಿವಿಗೇ ಹೊಡೆದುಕೊಂಡೆ. ಒಂದು ವಾರ ಹೆಡ್‌ಫೋನ್ ಹಾಕಲಾಗಲಿಲ್ಲ.

ಆದರೆ ನಾಲ್ಕನೇ ದಿನ 'ಛಟೀರ್' ಅಂತು ನೋಡಿ, ಮೈ ಜುಮ್ಮೆಂದಿತು. ಆ ಸದ್ದು ಚಾಟಿ ಏನಕ್ಕೋ ಬಡಿದದ್ದಲ್ಲ, ಗಾಳಿಯಲ್ಲಿ ಹುಟ್ಟಿದ್ದು. ಕೈ ಕೊಟ್ಟ ವೇಗ ಸಣ್ಣಗಾಗುತ್ತಾ ಹೋಗುವ ಚರ್ಮದಲ್ಲಿ ಹರಿದು, ಹಗುರವಾದ ತುದಿಯಲ್ಲಿ ಶಬ್ದದ ವೇಗವನ್ನೂ ಮೀರುತ್ತದೆ. ಅದೊಂದು ಪುಟಾಣಿ ಸೋನಿಕ್ ಬೂಮ್. 1958ರಲ್ಲೇ ವಿಜ್ಞಾನಿಗಳು ಇದನ್ನು ಪ್ರಯೋಗ ಮಾಡಿ ಬರೆದರು. 2002ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಇಬ್ಬರು ಗಣಿತಜ್ಞರು ಇನ್ನೂ ಸೂಕ್ಷ್ಮವಾಗಿ ನೋಡಿ, ಸದ್ದು ಮಾಡುವುದು ತುದಿಯಲ್ಲ, ಚಾಟಿಯ ಉದ್ದಕ್ಕೂ ಓಡುವ ಬಾಗು ಅಂದರು. ಚಕ್ ಯೇಗರ್ ವಿಮಾನದಲ್ಲಿ ಶಬ್ದದ ವೇಗ ದಾಟಿದ್ದು 1947ರಲ್ಲಿ. ಅದನ್ನು ದನ ಕಾಯುವವರು ಯಾವತ್ತೋ ಮಾಡಿ ಮುಗಿಸಿದ್ದರು.

ಬುಲ್‌ವಿಪ್ಪಿನ ಹೆಸರಲ್ಲೇ ಎತ್ತು ಇದೆ. ಹತ್ತೊಂಬತ್ತನೇ ಶತಮಾನದಲ್ಲಿ, ರೈಲು ಬರುವ ಮುಂಚೆ, ಅಮೆರಿಕದ ಪಶ್ಚಿಮಕ್ಕೆ ಸರಕು ಹೋಗುತ್ತಿದ್ದದ್ದು ಎತ್ತಿನ ಗಾಡಿಗಳ ಸಾಲಿನಲ್ಲಿ. ಗಾಡಿ ಹೊಡೆಯುವವರಿಗೆ ಬುಲ್‌ವ್ಯಾಕರ್ ಅಂತ ಹೆಸರು. ಗಾಡಿ ಮೇಲೆ ಕೂರದೆ, ಪಕ್ಕದಲ್ಲಿ ನಡೆಯುತ್ತಾ, ಎತ್ತುಗಳ ತಲೆಯ ಮೇಲೆ ಚಾಟಿ ಸಿಡಿಸುತ್ತಿದ್ದರು. ನಮ್ಮ ಕಡೆ ಬಾರುಕೋಲು ಇದ್ದ ಹಾಗೆ. ಸಿನಿಮಾಕ್ಕೂ ಅದು ಇಂಡಿಯಿಂದ ಬಂದದ್ದಲ್ಲ. 1925ರಲ್ಲೇ ಡಗ್ಲಸ್ ಫೇರ್‌ಬ್ಯಾಂಕ್ಸ್ 'ಡಾನ್ ಕ್ಯೂ, ಸನ್ ಆಫ್ ಜೋರೋ'ಗಾಗಿ ಸ್ನೋಯಿ ಬೇಕರ್ ಎಂಬ ಆಸ್ಟ್ರೇಲಿಯದವನಿಂದ ಚಾಟಿ ಕಲಿತಿದ್ದ. 1940ರ ದಶಕದಲ್ಲಿ ಲ್ಯಾಷ್ ಲರೂ ಅಂತೊಬ್ಬ ಕೌಬಾಯ್ ನಟ ಚಾಟಿಯಿಂದಲೇ ಹೆಸರು ಮಾಡಿದ. ಅಂಥ ಹಳೇ ಶನಿವಾರದ ಸಿನಿಮಾಗಳನ್ನೆಲ್ಲ ನುಂಗಿ ಲೂಕಸ್ ಮತ್ತು ಸ್ಪೀಲ್‌ಬರ್ಗ್ 1981ರಲ್ಲಿ ಇಂಡಿಯನ್ನು ಹೆತ್ತರು. ತಮಾಷೆ ಅಂದರೆ, ಆ ಸಿನಿಮಾದಲ್ಲಿ ಎಲ್ಲರಿಗೂ ನೆನಪಿರುವ ದೃಶ್ಯದಲ್ಲಿ ಚಾಟಿಗೆ ಕೆಲಸವೇ ಇಲ್ಲ. ಕತ್ತಿ ತಿರುಗಿಸುವವನ ಜೊತೆ ಚಾಟಿ ಹಿಡಿದು ದೊಡ್ಡ ಕಾಳಗ ಅಂತ ಯೋಜನೆ ಇತ್ತು. ಟ್ಯುನೀಸಿಯಾದಲ್ಲಿ ಹ್ಯಾರಿಸನ್ ಫೋರ್ಡ್‌ಗೆ ಹೊಟ್ಟೆ ಕೆಟ್ಟಿತು. ಸುಮ್ಮನೆ ಗುಂಡು ಹೊಡೆದು ಮುಗಿಸಿದ.

ಇಷ್ಟೆಲ್ಲ ಪುರಾಣವನ್ನು ನಾನು ಆಫೀಸಿನಲ್ಲಿ ಕೊರೆಯುತ್ತಿದ್ದೆ. ಹ್ಯಾಲೊವೀನ್‌ಗೆ ಒಂದು ವಾರ ಇರುವಾಗ ಚಾಟಿಯನ್ನು ತಂದು ಮೇಜಿನ ಮೇಲಿಟ್ಟೆ. ಎಲ್ಲರೂ ಮುಟ್ಟಿ ನೋಡಿದರು. ನಮ್ಮ ತಂಡದಲ್ಲಿ ಲೂಸಿಯಾನಾ ಕಡೆಯ ಕಪ್ಪು ಸಹೋದ್ಯೋಗಿಯೊಬ್ಬರಿದ್ದಾರೆ, ನನಗಿಂತ ಹದಿನೈದು ವರ್ಷ ದೊಡ್ಡವರು. ಅವರು ಮುಟ್ಟಲಿಲ್ಲ. "ದಿನವಿಡೀ ಇದನ್ನ ಸೊಂಟಕ್ಕೆ ಹಾಕ್ಕೊಂಡು ಓಡಾಡ್ತೀಯಾ?" ಅಂತ ಮಾತ್ರ ಕೇಳಿ, ಮೀಟಿಂಗಿಗೆ ಹೋದರು. ಕೋಪವೇನೂ ಇರಲಿಲ್ಲ. ನನಗೆ ತಕ್ಷಣ ಹೊಳೆಯಲೂ ಇಲ್ಲ. ಕೈ ತೊಳೆಯುವಾಗ ಹೊಳೆಯಿತು.

ಆ ರಾತ್ರಿ 1863ರ ಫೋಟೋ ತೆಗೆದು ನೋಡಿದೆ. ನೀವೂ ನೋಡಿರುತ್ತೀರಿ. ಪ್ಲಾಂಟೇಷನ್ನಿನಿಂದ ತಪ್ಪಿಸಿಕೊಂಡು ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಯೂನಿಯನ್ ಸೈನ್ಯದ ಶಿಬಿರ ಸೇರಿದ ಗುಲಾಮನೊಬ್ಬ ಕ್ಯಾಮೆರಾಗೆ ಬೆನ್ನು ಕೊಟ್ಟು ಕೂತಿದ್ದಾನೆ. ಗಾರ್ಡನ್ ಅಂತಲೂ ಪೀಟರ್ ಅಂತಲೂ ಹೆಸರು ಸಿಗುತ್ತದೆ. ಬೆನ್ನು ತುಂಬ ಚಾಟಿಯ ಗಾಯ ಒಣಗಿ ಎದ್ದ ಗೆರೆಗಳು, ಬೇರು ಹರಡಿದ ಹಾಗೆ. ಆ ವರ್ಷ ಜುಲೈ 4ರಂದು 'ಹಾರ್ಪರ್ಸ್ ವೀಕ್ಲಿ' ಅದನ್ನು ಅಚ್ಚು ಹಾಕಿತು. ಕಾರ್ಡುಗಳಾಗಿ ಮಾರಾಟವಾಯಿತು. ಅದಕ್ಕೆ ಹದಿನೆಂಟು ವರ್ಷ ಮುಂಚೆ, 1845ರ ತನ್ನ ಆತ್ಮಕತೆಯಲ್ಲಿ ಫ್ರೆಡರಿಕ್ ಡಗ್ಲಸ್, ಚಿಕ್ಕಮ್ಮನಿಗೆ ಯಜಮಾನ ಚರ್ಮದ ಚಾಟಿಯಲ್ಲಿ ಹೊಡೆದದ್ದನ್ನು ಮಗುವಾಗಿದ್ದಾಗ ಅಡಗಿ ಕೂತು ನೋಡಿದ್ದನ್ನು ಬರೆದಿದ್ದಾನೆ. ಎತ್ತಿನ ತಲೆಯ ಮೇಲೆ ಗಾಳಿಯಲ್ಲಿ ಸಿಡಿಯುತ್ತಿದ್ದ ಚಾಟಿಯ ಕತೆಯನ್ನು ನಾನು ಪುಟಗಟ್ಟಲೆ ಹುಡುಕಿ ಓದಿದ್ದೆ. ಅದೇ ಕಾಲ, ಅದೇ ದೇಶದ ಈ ಇನ್ನೊಂದು ಕತೆ ನನ್ನ ಬ್ರೌಸರಿನ ಒಂದು ಟ್ಯಾಬಿನಲ್ಲೂ ಇರಲಿಲ್ಲ.

ಆಮೇಲೆ 'ಟೆಂಪಲ್ ಆಫ್ ಡೂಮ್' ಇನ್ನೊಮ್ಮೆ ಹಾಕಿದೆ. 1984ರದ್ದು, ಅಮರೀಶ್ ಪುರಿ ಇರುವುದು. ಸ್ಕ್ರಿಪ್ಟ್ ನೋಡಿ ಭಾರತ ಸರ್ಕಾರ ತಕರಾರು ತೆಗೆದದ್ದರಿಂದ ಶ್ರೀಲಂಕಾದಲ್ಲಿ ಚಿತ್ರೀಕರಿಸಿದರು, ಕೆಲಕಾಲ ನಮ್ಮಲ್ಲಿ ನಿಷೇಧವೂ ಇತ್ತು. ಗಣಿಯಲ್ಲಿ ಭಾರತದ ಮಕ್ಕಳನ್ನು ಕಾವಲುಗಾರರು ಚಾಟಿಯಲ್ಲಿ ಹೊಡೆಯುತ್ತಾರೆ, ಇಂಡಿ ಬಿಡಿಸುತ್ತಾನೆ, ಬ್ರಿಟಿಷ್ ತುಕಡಿ ಬಂದು ಕಾಪಾಡುತ್ತದೆ. ಕಡೆಯ ದೃಶ್ಯದಲ್ಲಿ ಇಂಡಿ ಅದೇ ಚಾಟಿ ಬೀಸಿ ನಾಯಕಿಯ ಸೊಂಟಕ್ಕೆ ಸುತ್ತಿ ಎಳೆದುಕೊಳ್ಳುತ್ತಾನೆ, ಸುತ್ತ ಮಕ್ಕಳು ನಗುತ್ತಾರೆ. ಅಷ್ಟು ಹೊತ್ತು ಆ ಸದ್ದಿಗೆ ಹೆದರಿದ್ದ ಮಕ್ಕಳು! ಹತ್ತು ಸಲ ನೋಡಿದಾಗಲೂ ನನಗೆ ಇದು ಕಂಡಿರಲಿಲ್ಲ.

ಭಾನುವಾರ ಪೂರ್ತಿ ವೇಷ ಹಾಕಿಕೊಂಡು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪ ಹುಟ್ಟಿದ್ದು ಮೂಡಿಗೆರೆ ಹತ್ತಿರದ ಕಾಫಿ ಎಸ್ಟೇಟೊಂದರ ಲೈನ್ ಮನೆಯಲ್ಲಿ. ಅಜ್ಜ ಅಲ್ಲಿ ಆಳು. ಇಂಡಿಯಾನಾ ಜೋನ್ಸ್ ಯಾರು ಅಂತ ಅಪ್ಪನಿಗೆ ಗೊತ್ತಿಲ್ಲ. ಸ್ವಲ್ಪ ಹೊತ್ತು ನೋಡಿ, "ಏನೋ ಇದು, ದೊರೆ ವೇಷ ಹಾಕಿದೀಯ?" ಅಂದರು.

"ದೊರೆ ಅಲ್ಲಪ್ಪ, ಸಿನಿಮಾ ಹೀರೋ."

"ಟೊಪ್ಪಿ, ಖಾಕಿ, ಚಾಟಿ. ನಮ್ಮಪ್ಪ ಹೇಳ್ತಿದ್ದ ದೊರೆ ಹಿಂಗೇ ಇದ್ದ. ಕುದುರೆ ಮೇಲೆ ಬಂದ್ರೆ ಎಲ್ಲಾ ದಾರಿ ಬಿಟ್ಟು ಗಿಡದೊಳಗೆ ಹೋಗಿ ನಿಲ್ಬೇಕಿತ್ತಂತೆ."

"ಹೊಡೀತಿದ್ನಾ?"

"ಹೊಡೆದಿದ್ದು ನಮ್ಮಪ್ಪ ಹೇಳ್ಲಿಲ್ಲ. ಸದ್ದು ಮಾಡ್ತಿದ್ನಂತೆ. ಅಷ್ಟೇ ಸಾಕಿತ್ತಲ್ಲ."

ಹ್ಯಾಲೊವೀನ್ ದಿನ ಟೊಪ್ಪಿ, ಚೀಲ, ಜಾಕೆಟ್ಟು ಹಾಕಿಕೊಂಡು ಹೋದೆ. ಚಾಟಿ ಮನೆಯ ಗ್ಯಾರೇಜಿನಲ್ಲೇ ಉಳಿಯಿತು. ಚಾಟಿ ಎಲ್ಲಿ ಅಂತ ಕೇಳಿದವರಿಗೆಲ್ಲ "ಹೊಟ್ಟೆ ಕೆಟ್ಟಿದೆ, ಇವತ್ತು ತಂದಿಲ್ಲ" ಅಂದೆ. ಆ ಜೋಕು ಅರ್ಥವಾಗಿ ನಕ್ಕದ್ದು ಲೂಸಿಯಾನಾದವರೊಬ್ಬರೇ. ಅವರೂ ಆ ಸಿನಿಮಾದ ಭಕ್ತರು ಅಂತ ಗೊತ್ತಾದದ್ದು ಆವತ್ತೇ. ಕ್ಯಾಂಟೀನಿನಲ್ಲಿ ಒಂದು ಗಂಟೆ ಕೂತು ಮಾತಾಡಿದೆವು, ಸಿನಿಮಾ ಬಗ್ಗೆ ಮಾತ್ರ ಅಲ್ಲ.

ಮುಂದಿನ ವಾರ ಅಪ್ಪ ಫೋನಿನಲ್ಲಿ ಮಳೆ, ಕಾಫಿ ರೇಟು ಎಲ್ಲಾ ಆದ ಮೇಲೆ, "ಆ ಚಾಟಿ ಏನ್ ಮಾಡ್ದೆ?" ಅಂದರು.

"ಗ್ಯಾರೇಜಲ್ಲಿದೆ."

"ದುಡ್ಡು ಕೊಟ್ಟು ತಂದಿದೀಯ. ಚರ್ಮ ಒಣಗಿದ್ರೆ ಸೀಳುತ್ತೆ, ಆಗಾಗ ಎಣ್ಣೆ ಸವರ್ತಿರು."