ಕೂದಲಿಗೆ ಕೊಟ್ಟ ಬಿಸಿ

ಇಬ್ರಾದ ಬುಧವಾರದ ಸಂತೆ ಹೆಂಗಸರ ಸಂತೆ. ಮಸ್ಕತ್‌ನಿಂದ ಸುಮಾರು ನೂರೈವತ್ತು ಕಿಲೋಮೀಟರ್ ಒಳಗಿರುವ ಈ ಊರಿನಲ್ಲಿ ಬೆಳಗಿನ ಹೊತ್ತು ನಡೆಯುವ ಆ ಸಂತೆಯಲ್ಲಿ ಕೊಳ್ಳುವವರೂ ಹೆಂಗಸರೇ, ಮಾರುವವರೂ ಬಹುಪಾಲು ಹೆಂಗಸರೇ. ಗಂಡಸರು ಹೊರಗೆ ಗಾಡಿಯಲ್ಲಿ ಕೂತು ಕಾಯುತ್ತಾರೆ. ಲೆಕ್ಕಪತ್ರದ ಕೆಲಸದಲ್ಲಿರುವ ನನಗೆ ಬುಧವಾರ ಬಿಡುವು ಸಿಗುವುದು ಅಪರೂಪ. ಸಿಕ್ಕಾಗ ಮಗಳನ್ನು ಕರೆದುಕೊಂಡು ಹೋಗುತ್ತೇನೆ. ಬಟ್ಟೆ, ಬೆಳ್ಳಿಯ ಸಾಮಾನು, ಕಾಡಿಗೆ, ಅತ್ತರುಗಳ ನಡುವೆ ಕೂದಲಿಗೆ ಸಂಬಂಧಪಟ್ಟ ಎರಡು ವಸ್ತುಗಳು ನನ್ನನ್ನು ನಿಲ್ಲಿಸುತ್ತವೆ. ಒಂದು ಸಿದ್ರ್ ಎಲೆಯ ಪುಡಿ. ನಮ್ಮ ಯಲಚಿ ಗಿಡದ ಹತ್ತಿರದ ನೆಂಟ ಈ ಸಿದ್ರ್. ನಮ್ಮಲ್ಲಿ ಸೀಗೆಪುಡಿ ಮಾಡುವ ಕೆಲಸವನ್ನು ಇಲ್ಲಿ ಇದರ ಎಲೆ ಮಾಡುತ್ತದೆ. ಇನ್ನೊಂದು ಲುಬಾನ್, ಧೋಫಾರ್ ಬೆಟ್ಟಗಳ ಮರದಿಂದ ಬರುವ ಧೂಪದ ಅಂಟು.

ಕಳೆದ ಚಳಿಗಾಲದಲ್ಲಿ ಹದಿನಾಲ್ಕು ವರ್ಷದ ನನ್ನ ಮಗಳು ಹಟ ಹಿಡಿದು ಬಿಸಿ ಬ್ರಷ್ ಒಂದನ್ನು ತರಿಸಿಕೊಂಡಳು. ಬಾಚಣಿಗೆಯೂ ಹೌದು, ಇಸ್ತ್ರಿಯೂ ಹೌದು ಎನ್ನುವಂಥ ಸಾಧನ. ಅವಳದು ಗುಂಗುರು ಕೂದಲು. ನನ್ನದಲ್ಲ, ಅವಳಪ್ಪನದಲ್ಲ, ನಮ್ಮ ಎರಡೂ ಕಡೆಯ ಅಜ್ಜಿಯರದೂ ಅಲ್ಲ. "ಇದು ಯಾರಿಂದ ಬಂತಮ್ಮಾ?" ಎಂದು ಕನ್ನಡಿಯ ಮುಂದೆ ನಿಂತು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಬ್ರಷ್ಷಿನಿಂದ ಎದ್ದ ಬಿಸಿ ಕೂದಲಿನ ವಾಸನೆ ಮಾತ್ರ ನನ್ನನ್ನು ತುರುವೇಕೆರೆ ಕಡೆಯ ನಮ್ಮ ಹಳೆಯ ಮನೆಯ ಬಚ್ಚಲಿನ ಬಾಗಿಲಿಗೆ ತಂದು ನಿಲ್ಲಿಸಿತು.

ಆ ಮನೆಯಲ್ಲಿ ಶುಕ್ರವಾರ ಹೆಣ್ಣುಮಕ್ಕಳಿಗೆ ಎಣ್ಣೆನೀರು. ಬೆಳಗ್ಗೆ ಹಂಡೆ ಒಲೆಗೆ ಉರಿ ಹಾಕುವುದು, ನೆತ್ತಿಗೆ ಹರಳೆಣ್ಣೆ ತಟ್ಟುವುದು, ಸೀಗೆಪುಡಿಯ ಜೊತೆ ಚಿಗರೆಪುಡಿ ಕಲಸಿ ಜಿಡ್ಡು ತೆಗೆಯುವುದು. ಆಮೇಲೆ ಒಲೆಯಿಂದ ಕೆಂಡ ತೆಗೆದು ಮಣ್ಣಿನ ಧೂಪದ ಪಾತ್ರೆಗೆ ಹಾಕಿ, ಮೇಲೆ ಸಾಂಬ್ರಾಣಿ ಪುಡಿ ಉದುರಿಸಿ, ಬಿದಿರಿನ ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕುತ್ತಿದ್ದರು. ನಾವು ಒಬ್ಬೊಬ್ಬರೇ ಚಾಪೆಯ ಮೇಲೆ ಮಲಗಿ ಒದ್ದೆ ಕೂದಲನ್ನು ಬುಟ್ಟಿಯ ಮೇಲೆ ಹರಡಬೇಕು. ಹೊಗೆ ಬುಟ್ಟಿಯ ಸಂದಿನಿಂದ ಮೇಲೇರಿ ಕೂದಲಿನ ಎಳೆ ಎಳೆಯಲ್ಲೂ ಸೇರಿಕೊಳ್ಳುತ್ತಿತ್ತು. ಕೂದಲು ಒಣಗಿದ ಮೇಲೆ ಸಿಕ್ಕು ಬಿಡಿಸಿ ಜಡೆ. ಬಾಣಂತಿಗೂ ಕೂಸಿಗೂ ಇದೇ ಉಪಚಾರ, ಇನ್ನಷ್ಟು ಜಾಗ್ರತೆಯಿಂದ.

ಮನೆಯಲ್ಲಿ ಕೂದಲಿಗೆ ಬಿಸಿ ಕೊಡುವುದು ಈಚಿನ ಫ್ಯಾಷನ್ ಎಂದುಕೊಂಡವರು ಈ ಬುಟ್ಟಿಯ ಇತಿಹಾಸವನ್ನು ನೋಡಬೇಕು. ಕಾಳಿದಾಸನ 'ಮೇಘದೂತ'ದಲ್ಲಿ ಮೋಡ ಉಜ್ಜಯಿನಿಯ ಮೇಲೆ ಹಾದುಹೋಗುವಾಗ ಮನೆಗಳ ಗವಾಕ್ಷಿಗಳಿಂದ ಹೊರಬರುವ ಕೇಶಸಂಸ್ಕಾರದ ಧೂಪ ಅದರ ಮೈಯನ್ನು ತುಂಬಿಸುತ್ತದೆ. ಒಳಗೆ ಹೆಂಗಸರು ತಲೆ ಒಣಗಿಸಿಕೊಳ್ಳುತ್ತಿದ್ದಾರೆ ಎಂದರ್ಥ. ನಮ್ಮ ನಾಡಿಗೇ ಬರುವುದಾದರೆ, ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ಭೋಗಗಳ ಪಟ್ಟಿಯೇ ಇದೆ. ಅದರಲ್ಲಿ ಸ್ನಾನಕ್ಕೆ ಒಂದು ಅಧ್ಯಾಯ, ಧೂಪಕ್ಕೆ ಇನ್ನೊಂದು. ಅದೇ ಕಾಲದಲ್ಲಿ, 1117ರಲ್ಲಿ, ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇಗುಲದ ದರ್ಪಣಸುಂದರಿ ಇಂದಿಗೂ ಕನ್ನಡಿ ಹಿಡಿದು ನಿಂತಿದ್ದಾಳೆ. ಅಲ್ಲಿನ ಮದನಿಕೆಯರ ತುರುಬುಗಳನ್ನು ನೋಡಿದರೆ ಅವು ಒಬ್ಬಳೇ ಕೂತು ಕಟ್ಟಿಕೊಂಡವಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ. ಹಿಂದೆ ಒಬ್ಬಳು ಇರಲೇಬೇಕು.

ಇಬ್ರಾ ಸಂತೆಯ ಲುಬಾನಿಗೂ ನಮ್ಮ ಸಾಂಬ್ರಾಣಿಗೂ ಇರುವ ನಂಟು ನನಗೆ ಇಲ್ಲಿಗೆ ಬಂದ ಮೇಲೆ ತಿಳಿಯಿತು. ಎರಡೂ ಒಂದೇ ಮರದವಲ್ಲ. ಲುಬಾನ್ ಧೋಫಾರಿನದು. ಆ ಧೂಪದ ನಾಡಿನ ತಾಣಗಳನ್ನು ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಸಾಂಬ್ರಾಣಿ ಎಂದು ಸುಡುತ್ತಿದ್ದದ್ದು ಹೆಚ್ಚಾಗಿ ಸುಮಾತ್ರಾ ಕಡೆಯಿಂದ ಬರುವ ಬೇರೊಂದು ಮರದ ಅಂಟು. ಅರಬ್ ವ್ಯಾಪಾರಿಗಳು ಅದನ್ನು ಲುಬಾನ್ ಜಾವಿ, ಅಂದರೆ ಜಾವಾದ ಲುಬಾನ್, ಎಂದು ಕರೆದರು. ಆ ಹೆಸರೇ ಯುರೋಪಿನವರ ಬಾಯಲ್ಲಿ ಸವೆದು ಬೆಂಜೊಯಿನ್ ಆಯಿತು. ನಮ್ಮ ಅಂಗಡಿಗಳ ಲೋಬಾನ ಎಂಬ ಮಾತೂ ಇದೇ ಲುಬಾನಿನ ಮಗು. ಈ ಸಮುದ್ರದಲ್ಲಿ ಸರಕು ಎರಡೂ ಕಡೆಗೆ ಓಡಾಡುತ್ತಿತ್ತು. ಮಂಗಳೂರಿನ ಅಕ್ಕಿ ಮಸ್ಕತ್‌ಗೆ ಬರುತ್ತಿತ್ತು. ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ಮೈಸೂರು ಸರ್ಕಾರದ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಇಬ್ರಾದ ವ್ಯಾಪಾರಿ ಮನೆತನಗಳಾದರೋ ಜಂಜಿಬಾರ್ ಕಡೆಗೆ ಮುಖ ಮಾಡಿದವು. ಆ ದುಡ್ಡಿನಲ್ಲಿ ಕಟ್ಟಿದ ಮಣ್ಣಿನ ಮಹಲುಗಳು ಹಳೆಯ ಕೇರಿಗಳಲ್ಲಿ ಈಗಲೂ ಅರೆಬಿದ್ದು ನಿಂತಿವೆ. ಇಲ್ಲಿನ ಮನೆಗಳಲ್ಲೂ ಕೆಂಡದ ಮೇಲೆ ಧೂಪ ಹಾಕಿ ಬಟ್ಟೆಗೂ ಕೂದಲಿಗೂ ಹಿಡಿಯುತ್ತಾರೆ. ಪಕ್ಕದ ಮನೆಯಾಕೆ ಒಮ್ಮೆ ಆ ಮಣ್ಣಿನ ಪಾತ್ರೆಯನ್ನು ನನ್ನ ಕೈಗಿತ್ತಾಗ ಹೇಗೆ ಹಿಡಿಯಬೇಕೆಂದು ಆಕೆ ಹೇಳಿಕೊಡಬೇಕಾಗಲಿಲ್ಲ.

ಪಶ್ಚಿಮದ ಕಥೆಯಲ್ಲಿ ಹೊಗೆಯ ಬದಲು ಲೋಹ ಇದೆ. ಪ್ರಾಚೀನ ರೋಮಿನ ಶ್ರೀಮಂತೆಯರು ಕ್ಯಾಲಮಿಸ್ಟ್ರಮ್ ಎಂಬ ಲೋಹದ ಕೋಲನ್ನು ಬಿಸಿ ಬೂದಿಯಲ್ಲಿ ಕಾಯಿಸಿ ಕೂದಲು ಸುತ್ತಿಸಿಕೊಳ್ಳುತ್ತಿದ್ದರು. ಆ ಕೋಲು ಕಾಯಿಸುವ ಆಳಿಗೆ ಲ್ಯಾಟಿನ್ನಿನಲ್ಲಿ ಇದ್ದ ಹೆಸರು ಬೂದಿ ಎಂಬ ಪದದಿಂದಲೇ ಬಂದದ್ದು. 1872ರ ಸುಮಾರಿಗೆ ಪ್ಯಾರಿಸ್ಸಿನ ಮಾರ್ಸೆಲ್ ಗ್ರಾಟೋ ಎಂಬ ಕ್ಷೌರಿಕ ಕಾಯಿಸಿದ ಇಕ್ಕಳವನ್ನು ಹಿಡಿಯುವ ಹೊಸ ರೀತಿ ಕಂಡುಹಿಡಿದು ಕೂದಲಿನಲ್ಲಿ ಸಮುದ್ರದ ಅಲೆಯಂಥ ಮಡಿಕೆ ತಂದ. ಅದು ಅವನ ಹೆಸರಿನಿಂದಲೇ ಜಗತ್ತನ್ನು ಸುತ್ತಿತು. ಆ ಇಕ್ಕಳದಲ್ಲಿ ಉಷ್ಣಮಾಪಕ ಇರಲಿಲ್ಲ. ಇಕ್ಕಳವನ್ನು ಮೊದಲು ಕಾಗದದ ಚೂರಿಗೆ ಒತ್ತಿ ನೋಡುತ್ತಿದ್ದರು. ಕಾಗದ ಕಂದಿದರೆ ಕೂದಲಿಗೆ ತಾಗಿಸಬಾರದು. ಅಂದಾಜು ತಪ್ಪಿದರೆ ಏನಾಗುತ್ತದೆ ಎನ್ನುವುದು 1868ರಲ್ಲಿ ಬಂದ 'ಲಿಟಲ್ ವಿಮೆನ್' ಓದಿದವರಿಗೆ ಗೊತ್ತು. ಪಾರ್ಟಿಗೆ ಹೊರಟ ಅಕ್ಕನ ಮುಂಗುರುಳನ್ನು ತಂಗಿ ಜೋ ಸುಟ್ಟುಹಾಕುತ್ತಾಳೆ.

1906ರಲ್ಲಿ ಜರ್ಮನಿ ಮೂಲದ ಕಾರ್ಲ್ ನೆಸ್ಲರ್ ಲಂಡನ್ನಿನಲ್ಲಿ ಬಹುಕಾಲ ಉಳಿಯುವ ಗುಂಗುರನ್ನು ತೋರಿಸಿದ. ಕೂದಲಿಗೆ ಕ್ಷಾರದ ದ್ರವ ಹಚ್ಚಿ, ಭಾರವಾದ ಹಿತ್ತಾಳೆಯ ಸುರುಳಿಗಳಿಗೆ ಸುತ್ತಿ, ಗಂಟೆಗಟ್ಟಲೆ ಕಾಯಿಸುವ ವಿಧಾನ. ಮೊದಲ ಪ್ರಯೋಗಗಳೆಲ್ಲ ಅವನ ಹೆಂಡತಿಯ ತಲೆಯ ಮೇಲೆ ನಡೆದವು, ಅವಳ ಕೂದಲು ಸುಟ್ಟದ್ದೂ ಉಂಟು. ಅಮೆರಿಕಕ್ಕೆ ಹೋಗಿ ಅವನು ಗಳಿಸಿದ ದುಡ್ಡು 1929ರ ಷೇರುಪೇಟೆಯ ಕುಸಿತದಲ್ಲಿ ಹೋಯಿತು. ಲೆಕ್ಕಿಗಳಾದ ನಮಗೆ ಆ ಭಾಗವೇ ನೆನಪಿನಲ್ಲಿ ಉಳಿಯುವುದು.

ಅದೇ ಅಮೆರಿಕದಲ್ಲಿ ಬಿಸಿಗೆ ಇನ್ನೊಂದು ಅರ್ಥವಿತ್ತು. ಗುಲಾಮಗಿರಿಯಿಂದ ಬಿಡುಗಡೆಯಾದ ಕುಟುಂಬದಲ್ಲಿ 1867ರಲ್ಲಿ ಹುಟ್ಟಿ, ಬಟ್ಟೆ ಒಗೆದು ಬದುಕಿದ ಸಾರಾ ಬ್ರೀಡ್‌ಲವ್ ಮುಂದೆ ಮೇಡಂ ಸಿ.ಜೆ. ವಾಕರ್ ಎಂಬ ಹೆಸರಿನಲ್ಲಿ ಕಪ್ಪು ಹೆಂಗಸರಿಗಾಗಿ ಕೂದಲಿನ ಆರೈಕೆಯ ವಸ್ತುಗಳನ್ನು ಮಾರಿ ದೊಡ್ಡ ಉದ್ಯಮ ಕಟ್ಟಿದಳು. ಒಲೆಯ ಮೇಲೆ ಕಾಯಿಸುವ ಲೋಹದ ಬಾಚಣಿಗೆಯನ್ನು ಅವಳೇ ಕಂಡುಹಿಡಿದಳು ಎಂದು ಹೇಳುವುದುಂಟು, ಅದು ನಿಜವಲ್ಲ. ಆ ಬಾಚಣಿಗೆ ಅವಳಿಗಿಂತ ಮೊದಲೇ ಇತ್ತು, ಅವಳ ಮಾರಾಟಗಾರ್ತಿಯರ ಮೂಲಕ ಮನೆಮನೆಗೆ ತಲುಪಿತು. ಸಾವಿರಾರು ಹೆಂಗಸರು ಆ ಕೆಲಸದಿಂದ ಸ್ವಂತ ದುಡಿಮೆ ಕಂಡರು. ಗುಂಗುರು ಕೂದಲನ್ನು ನೇರ ಮಾಡುವುದೆಂದರೆ ಬಿಳಿಯರನ್ನು ಅನುಕರಿಸಿದಂತೆ ಎಂಬ ಟೀಕೆಯೂ ಆಗಲೇ ಎದ್ದಿತು, ಇನ್ನೂ ಮುಗಿದಿಲ್ಲ. ಮಗಳು ಬ್ರಷ್ ಕೇಳಿದಾಗ ನನ್ನೊಳಗೆ ಎದ್ದ ಪ್ರಶ್ನೆಯೂ ಅದೇ. ನಿನ್ನ ಕೂದಲು ಇರುವ ಹಾಗೆ ಚೆನ್ನಾಗಿಲ್ಲ ಎಂದು ನಿನಗೆ ಹೇಳಿದವರು ಯಾರು?

ಒಲೆಯಿಂದ ಗೋಡೆಯ ಪ್ಲಗ್ಗಿಗೆ ಬರಲು ವಿದ್ಯುತ್ ಬೇಕಾಯಿತು. ಮೈಸೂರು ಸಂಸ್ಥಾನದ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು. ನಮ್ಮ ಹಳ್ಳಿಯ ಬಚ್ಚಲಿಗೆ ಬಲ್ಬು ಬಂದದ್ದು ಅದಾಗಿ ಎಪ್ಪತ್ತು ವರ್ಷಗಳ ಮೇಲೆ. ಒಮಾನಿನಲ್ಲಿ 1970ಕ್ಕೆ ಮೊದಲು ಡಾಂಬರು ರಸ್ತೆಯೇ ಹತ್ತು ಕಿಲೋಮೀಟರ್ ಇತ್ತೆನ್ನುತ್ತಾರೆ. ಇನ್ನು ಒಳನಾಡಿನ ಇಬ್ರಾದಲ್ಲಿ ಮನೆಮನೆಗೆ ಕರೆಂಟಿನ ಮಾತೆಲ್ಲಿ! 1920ರ ದಶಕದಲ್ಲಿ ಪಶ್ಚಿಮದಲ್ಲಿ ಕೈಯಲ್ಲಿ ಹಿಡಿಯುವ ಡ್ರೈಯರ್ ಬಂತು. ಆಮೇಲೆ ಬಿಸಿಗಾಳಿ ಊದುವ ಬ್ರಷ್, ಈಚೆಗೆ ಸೆರಾಮಿಕ್ ಹಲ್ಲುಗಳ ನೇರಗೊಳಿಸುವ ಬ್ರಷ್. ಕಾಗದದ ಚೂರು ಮಾಡುತ್ತಿದ್ದ ಕೆಲಸವನ್ನು ಈಗ ಒಳಗಿರುವ ಥರ್ಮೋಸ್ಟಾಟ್ ಮಾಡುತ್ತದೆ.

ಕೂದಲಿನೊಳಗೆ ನಡೆಯುವುದು ಮಾತ್ರ ಬುಟ್ಟಿಯ ಕಾಲದಿಂದ ಬದಲಾಗಿಲ್ಲ. ಕೂದಲು ಕೆರಾಟಿನ್ ಎಂಬ ಪ್ರೋಟೀನು. ಅದರ ಎಳೆಗಳನ್ನು ಹಿಡಿದಿಡುವ ಸಣ್ಣ ಬಂಧಗಳಲ್ಲಿ ಹೈಡ್ರೋಜನ್ ಬಂಧಗಳು ನೀರಿಗೂ ಬಿಸಿಗೂ ಸಡಿಲುತ್ತವೆ, ಒಣಗಿ ತಣ್ಣಗಾಗುವಾಗ ಆ ಕ್ಷಣದ ಆಕಾರದಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಹಾಗಾಗಿ ಸುರುಳಿ ಮಾಡಿದ ಮೇಲೆ ತಣಿಯುವವರೆಗೆ ಮುಟ್ಟಬಾರದು. ಗಾಳಿಯ ತೇವ ಹೊಕ್ಕರೆ ಆಕಾರ ಹೋಯಿತು. ಮಗಳು ಇಬ್ರಾದ ಒಣಹವೆಯಲ್ಲಿ ಬೆಳಗ್ಗೆ ನೇರ ಮಾಡಿಕೊಂಡದ್ದು ಸಂಜೆಯವರೆಗೂ ಹಾಗೇ ಇರುತ್ತದೆ. ಜುಲೈನಲ್ಲಿ ಮಂಗಳೂರಿನ ನೆಂಟರ ಮನೆಯಲ್ಲಿ ಅರ್ಧ ಗಂಟೆಗೆ ಗುಂಗುರು ವಾಪಸ್ಸು ಬಂತು. ಬಿಸಿಗಾಳಿಯ ಬ್ರಷ್ಷನ್ನು ಅರೆಒಣಗಿದ ಕೂದಲಿಗೆ ಬಳಸಬಹುದು. ಕಾದ ಹಲ್ಲು ನೇರವಾಗಿ ತಾಗುವ ಬ್ರಷ್ಷನ್ನು ಒದ್ದೆ ಕೂದಲಿಗೆ ಎಂದೂ ತಾಗಿಸಬಾರದು. ಎಳೆಯೊಳಗಿನ ನೀರು ಕುದಿದು ಆವಿಯಾಗಿ ಕೂದಲೊಳಗೇ ಗುಳ್ಳೆ ಏಳುತ್ತದೆ, ಅಲ್ಲಿಗೇ ಮುರಿಯುತ್ತದೆ. ತೆಳು ಕೂದಲಿಗೆ ಕಡಿಮೆ ಬಿಸಿ ಸಾಕು. ಒಂದೇ ಜಾಗದಲ್ಲಿ ನಿಲ್ಲಿಸದೆ ಎಳೆಯಬೇಕು. ನಮ್ಮ ಮನೆಯ ಲೆಕ್ಕ ವಾರಕ್ಕೆ ಎರಡು ಸಲ, ಅದಕ್ಕಿಂತ ಹೆಚ್ಚಿಲ್ಲ.

ಈ ಎಚ್ಚರವನ್ನೆಲ್ಲ ಹೇಳಿಕೊಡುತ್ತಿದ್ದಾಗ ನನಗೆ ದೊಡ್ಡಜ್ಜಿಯ ಅಂಗೈ ನೆನಪಾಯಿತು. ಬುಟ್ಟಿಯ ಮೇಲೆ ನಾವು ಕೂದಲು ಹರಡುವ ಮೊದಲು ಅವರು ಅಂಗೈ ಹಿಡಿದು ಬಿಸಿ ನೋಡುತ್ತಿದ್ದರು. ಹೆಚ್ಚಾಗಿದ್ದರೆ ಕೆಂಡದ ಮೇಲೆ ಚಿಟಿಕೆ ಬೂದಿ. "ತಾಳೇ, ಇನ್ನೂ ಸುಡ್ತದೆ" ಎನ್ನುತ್ತಿದ್ದರು. ಅಜ್ಜಿಯ ಅಕ್ಕ ಅವರು. ಮದುವೆಯಾಗಿ ಸ್ವಲ್ಪ ಕಾಲಕ್ಕೇ ಗಂಡ ತೀರಿಕೊಂಡು, ಹದಿನೈದು ದಾಟುವ ಮೊದಲೇ ತಲೆ ಬೋಳಿಸಿಕೊಂಡು, ತವರಿಗೆ ಬಂದು ಉಳಿದವರು. ನಾನು ಕಂಡದ್ದು ಕೆಂಪು ಸೀರೆಯ ಸೆರಗು ತಲೆಯ ಮೇಲೆ ಎಳೆದುಕೊಂಡ ಮುದುಕಿಯನ್ನು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' 1976ರಲ್ಲಿ ಬಂದಾಗ, ಪ್ರೇಮಾ ಕಾರಂತರು ಅದನ್ನು 1983ರಲ್ಲಿ ಸಿನಿಮಾ ಮಾಡಿದಾಗ, ಕನ್ನಡದ ಎಷ್ಟೋ ಮನೆಗಳು ತಮ್ಮ ಒಳಕೋಣೆಯ ಇಂಥ ಒಬ್ಬರನ್ನು ಮತ್ತೆ ತಿರುಗಿ ನೋಡಿದವು. ನಮ್ಮ ಮನೆಯಲ್ಲಿ ಅವರು ಆಗಲೂ ಒಲೆಯ ಮುಂದೆ ಇದ್ದರು. ಮೂರು ತಲೆಮಾರಿನ ಹೆಣ್ಣುಮಕ್ಕಳ ತಲೆಗೆ ಎಣ್ಣೆ ತಟ್ಟಿ, ಧೂಪ ಹಾಕಿ, ಜಡೆ ಹೆಣೆದ ಕೈ ಅದು.

ಬಿಸಿ ಬ್ರಷ್ಷಿನಿಂದ ಆದ ಲಾಭ ದೊಡ್ಡದು. ರೋಮಿನ ಆಳಾಗಲೀ ನಮ್ಮ ದೊಡ್ಡಜ್ಜಿಯಾಗಲೀ ಇಲ್ಲದೆ ಹುಡುಗಿಯೊಬ್ಬಳು ತನ್ನ ಕೂದಲನ್ನು ತಾನೇ, ತನಗೆ ಬೇಕಾದ ಹಾಗೆ, ಹತ್ತು ನಿಮಿಷದಲ್ಲಿ ಮಾಡಿಕೊಳ್ಳಬಹುದು. ಬೇಡವೆನಿಸಿದರೆ ತಲೆಗೆ ನೀರು ಹಾಕಿ ಹಳೆಯ ಗುಂಗುರಿಗೇ ಮರಳಬಹುದು. ನಷ್ಟದ ಕಡೆ ಬರೆಯಬೇಕಾದದ್ದು ಬುಟ್ಟಿಯ ಪಕ್ಕ ಕೂತಿರುತ್ತಿದ್ದವರ ಸಂಗ. ಆದರೆ ಆ ಸಂಗಕ್ಕೆ ಒಬ್ಬರು ತೆತ್ತ ಬೆಲೆಯನ್ನು ನಾವು ಯಾವ ಪುಸ್ತಕದಲ್ಲೂ ಬರೆದಿಡಲಿಲ್ಲ.

ಮಗಳಿಗೆ ಇದೆಲ್ಲ ಹೇಳಿದೆ. ಬ್ರಷ್ ಆರಿಸಿ ಕೇಳುತ್ತಾ ಕೂತಳು. "ದೊಡ್ಡಜ್ಜಿ ಕೂದಲು ನನ್ನ ಥರ ಇತ್ತಾ?" ಎಂದಳು. ಊರಿಗೆ ಫೋನು ಮಾಡಿ ಅಮ್ಮನನ್ನು ಕೇಳಿದೆ. ಅಮ್ಮನಿಗೂ ಗೊತ್ತಿಲ್ಲ. ಅವರು ಹುಟ್ಟುವ ಹೊತ್ತಿಗೆ ದೊಡ್ಡಜ್ಜಿಯ ತಲೆ ಬೋಳಾಗಿ ಎಷ್ಟೋ ವರ್ಷಗಳಾಗಿದ್ದವು. ಅದಕ್ಕೆ ಮೊದಲಿನ ಫೋಟೋ ಒಂದೂ ಇಲ್ಲ. ಅದು ಗುಂಗುರಾಗಿತ್ತೋ ನೇರವಾಗಿತ್ತೋ ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ.