ಅಜ್ಜನ ಜೀವ, ಅಜ್ಜನ ಕಿವಿ: ಹೊಸ ಔಷಧಿಗೆ ಬೆಲೆ ಕಟ್ಟುವವರು ಯಾರು?

ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮಜ್ಜ ಯಶವಂತಪುರದಲ್ಲಿ ಮೂಟೆ ಹೊರುತ್ತಿದ್ದರು. ಟಿಬಿ ಬಂತು. ತಿಂಗಳುಗಟ್ಟಲೆ ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್ ಚುಚ್ಚಿದರು. ಜೀವ ಉಳೀತು, ಕಿವಿ ಹೋಯ್ತು. ಆ ಮದ್ದು ಕಿವಿಯ ನರಕ್ಕೆ ಪೆಟ್ಟು ಕೊಡಬಹುದು ಅಂತ ವೈದ್ಯಲೋಕಕ್ಕೆ 1940ರ ದಶಕದಿಂದಲೇ ಗೊತ್ತಿತ್ತು. ಅಜ್ಜನಿಗೆ ಮಾತ್ರ ಯಾರೂ ಹೇಳಲಿಲ್ಲ. ಹೇಳಿದ್ದರೂ ಅವರು ಚುಚ್ಚಿಸಿಕೊಳ್ಳುತ್ತಿದ್ದರು, ನನಗೆ ಗೊತ್ತು. ಆದರೆ ಆ ಲೆಕ್ಕ ಹಾಕೋ ಹಕ್ಕು ಅವರದ್ದಾಗಿತ್ತು.

ಹೆಬ್ಬಾಳದಿಂದ ಮೇಖ್ರಿ ಸರ್ಕಲ್ ದಾಟಿ ಪೇಟೆ ಕಡೆ ಹೋಗುವಾಗ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸಿಗುತ್ತೆ. 1959ರಲ್ಲಿ ಶುರುವಾದದ್ದು. ದಿನಾ ಅದರ ಮುಂದೆ ಬಸ್ಸಲ್ಲಿ ಹೋಗೋ ನಮ್ಮ ಹುಡುಗರಿಗೆ ಅದರ ಚರಿತ್ರೆ ಗೊತ್ತಿಲ್ಲ. ಅದು ನಮ್ಮ ಚರಿತ್ರೆಯೂ ಹೌದು.

ಅದಕ್ಕೂ ಮೊದಲು ಟಿಬಿ ಅಂದರೆ ಸ್ಯಾನಟೋರಿಯಂ. ಒಳ್ಳೆ ಗಾಳಿ, ಹಾಲು, ಮೊಟ್ಟೆ, ವರ್ಷಗಟ್ಟಲೆ ವಿಶ್ರಾಂತಿ. ಕೂಲಿ ಮಾಡೋನಿಗೆ ಇದು ಸಾಧ್ಯವಾ? 1956ರಲ್ಲಿ ಮದರಾಸಿನಲ್ಲಿ ಒಂದು ಪ್ರಯೋಗ ಶುರುವಾಯ್ತು. ಬಡ ರೋಗಿಗಳಲ್ಲಿ ಕೆಲವರಿಗೆ ಸ್ಯಾನಟೋರಿಯಂನಲ್ಲಿ, ಕೆಲವರಿಗೆ ಅವರವರ ಇಕ್ಕಟ್ಟಿನ ಮನೆಯಲ್ಲೇ ಅದೇ ಮಾತ್ರೆ ಕೊಟ್ಟು ಹೋಲಿಸಿ ನೋಡಿದರು. 1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿ ಇದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ವಾಸಿಯಾಗಿದ್ದರು, ಮನೆಮಂದಿಗೆ ಅಪಾಯವೂ ಹೆಚ್ಚಿರಲಿಲ್ಲ. ಜಗತ್ತೇ ಚಿಕಿತ್ಸೆಯ ದಾರಿ ಬದಲಿಸಿಕೊಂಡಿತು. ಇದು ನಿಜವಾದ ಲಾಭ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಆ ಜ್ಞಾನ ಹುಟ್ಟಿದ್ದು ಬಡವರ ಮೈಮೇಲೆ ಅನ್ನೋದನ್ನೂ ಮರೀಬಾರದು.

ಆಗ ಎಲ್ಲರ ಬಾಯಲ್ಲೂ ಒಂದು ಮಾತಿತ್ತು: ಹಳ್ಳಿ ಜನಕ್ಕೆ ತಿಳುವಳಿಕೆ ಇಲ್ಲ, ರೋಗ ಬಂದರೂ ಆಸ್ಪತ್ರೆಗೆ ಬರಲ್ಲ. ನಮ್ಮ ಬಳ್ಳಾರಿ ರಸ್ತೆಯ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ರೋಗಿಗಳನ್ನೇ ಕೇಳಿದರು. 1963ರಲ್ಲಿ ಬಂದ ಅವರ ವರದಿ ಆ ಮಾತನ್ನು ತಲೆಕೆಳಗು ಮಾಡಿತು. ಅರ್ಧಕ್ಕಿಂತ ಹೆಚ್ಚು ರೋಗಿಗಳು ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು! ಅಲ್ಲಿ ಕಫ ಪರೀಕ್ಷೆ ಮಾಡುವ ಬದಲು ಕೆಮ್ಮಿನ ಔಷಧಿ ಬಾಟಲಿ ಕೊಟ್ಟು ಕಳಿಸಿದ್ದರು. ತಪ್ಪು ಜನರದ್ದಲ್ಲ, ವ್ಯವಸ್ಥೆಯದ್ದು. ಇವತ್ತೂ "ನಿಮ್ಮವರಿಗೆ ಅರಿವಿಲ್ಲ" ಅನ್ನೋರಿಗೆ ಈ ಅಧ್ಯಯನ ತೋರಿಸಿ.

1962ರ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಡವರಿಗೆ ಸಿಕ್ಕಿದ್ದು ಮುಖ್ಯವಾಗಿ ಐಸೋನಿಯಾಜಿಡ್ ಮತ್ತು ಥಯಾಸೆಟಜೋನ್. ಒಂದು, ಒಂದೂವರೆ ವರ್ಷ ನುಂಗಬೇಕು. ಅಗ್ಗ, ಹಾಗಾಗಿ ಲಕ್ಷಾಂತರ ಜನಕ್ಕೆ ಮುಟ್ಟಿತು. ಆದರೆ ಥಯಾಸೆಟಜೋನ್ ಕೆಲವರಿಗೆ ವಾಂತಿ ತರಿಸುತ್ತಿತ್ತು, ಕೆಲವರ ಚರ್ಮ ಸುಲಿಯುವಷ್ಟು ಕೆಡುತ್ತಿತ್ತು. ಅಷ್ಟರಲ್ಲಿ ರಿಫಾಂಪಿಸಿನ್ ಬಂದು ಚಿಕಿತ್ಸೆ ಆರೆಂಟು ತಿಂಗಳಿಗೆ ಇಳಿಯಿತು. ದುಡ್ಡಿದ್ದವರು ಮೊದಲು ಕೊಂಡರು. ಸರ್ಕಾರಿ ಆಸ್ಪತ್ರೆಯ ಎಲ್ಲ ಬಡವರಿಗೂ ಅದು ಸರಿಯಾಗಿ ಸಿಗೋಕೆ ದಶಕಗಳೇ ಹಿಡಿದವು. 1997ರಲ್ಲಿ ಶುರುವಾದ ಪರಿಷ್ಕೃತ ಕಾರ್ಯಕ್ರಮ ಇಡೀ ದೇಶ ಮುಟ್ಟಿದ್ದು 2006ರಲ್ಲಿ. ಹಳೆ ಮದ್ದಿನ ಅಡ್ಡಪರಿಣಾಮ ನಮಗೆ, ಹೊಸ ಮದ್ದಿನ ಲಾಭ ಮೊದಲು ಅವರಿಗೆ. ಈ ಸಾಲು ಯಾವ ಜಾತಿಯವರಿಂದ ಶುರುವಾಗಿ ಯಾವ ಜಾತಿಯವರಲ್ಲಿ ಮುಗಿಯುತ್ತೆ ಅಂತ ಬಿಡಿಸಿ ಹೇಳಬೇಕಾ?

ಈಗಿನ ಕಥೆಗೆ ಬರೋಣ. ಮಾಮೂಲಿ ಮದ್ದಿಗೆ ಬಗ್ಗದ ಟಿಬಿಗೆ ಬೆಡಾಕ್ವಿಲಿನ್ ಅನ್ನೋ ಮಾತ್ರೆ 2016ರಲ್ಲಿ ನಮ್ಮ ದೇಶದ ಕೇವಲ ಆರು ಕೇಂದ್ರಗಳಲ್ಲಿ ಸಿಕ್ಕಿತು. ಅದಕ್ಕಾಗಿ ಪಾಟ್ನಾದ 18 ವರ್ಷದ ಹುಡುಗಿಯೊಬ್ಬಳ ಕುಟುಂಬ ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯ್ತು. ಆಕೆ ದೆಹಲಿಯವಳಲ್ಲ ಅನ್ನೋದು ಅಡ್ಡಿಯಾಗಿತ್ತು! 2024ರಲ್ಲಿ ಕೇಂದ್ರ ಸರ್ಕಾರ ಬೆಡಾಕ್ವಿಲಿನ್, ಪ್ರಿಟೋಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ಸೇರಿದ ಆರು ತಿಂಗಳ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಮೊದಲು ಇದಕ್ಕೆ 20 ತಿಂಗಳವರೆಗೂ ಹಿಡಿಯುತ್ತಿತ್ತು, ಕಿವಿ ಕೆಡಿಸೋ ಇಂಜೆಕ್ಷನ್ ಬೇರೆ. ಈಗ ಇಂಜೆಕ್ಷನ್ ಇಲ್ಲ. ನಮ್ಮಜ್ಜನ ಮೊಮ್ಮಕ್ಕಳು ಇದನ್ನು ಸ್ವಾಗತಿಸಲೇಬೇಕು.

ಹಾಗಂತ ಕಣ್ಣುಮುಚ್ಚಿ ಅಲ್ಲ. ಲಿನೆಜೋಲಿಡ್‌ನಿಂದ ರಕ್ತ ಕಮ್ಮಿಯಾಗಬಹುದು, ಕೈಕಾಲು ಜೋಮು ಹಿಡಿಯಬಹುದು, ಕಣ್ಣಿನ ನರಕ್ಕೆ ತೊಂದರೆ ಆಗಬಹುದು. ಬೆಡಾಕ್ವಿಲಿನ್ ತಗೊಳ್ಳೋರಿಗೆ ಇಸಿಜಿ ಬೇಕು. ಹೊತ್ತಿಗೆ ಸರಿಯಾಗಿ ತಪಾಸಣೆ ಮಾಡಿದರೆ ಇವನ್ನು ಬೇಗ ಹಿಡಿಯಬಹುದು. ಮಾತ್ರೆ ಫ್ರೀ ಕೊಟ್ಟು, ತಪಾಸಣೆಗೆ ಒಂದು ದಿನದ ಕೂಲಿ ಬಿಟ್ಟು ಬಾ ಅಂದರೆ ಅದು ಪೂರ್ತಿ ಫ್ರೀ ಅಲ್ಲ.

ನಿಮ್ಮ ಕೇರಿಯಲ್ಲಿ ಯಾರಿಗಾದರೂ ಟಿಬಿ ಇದ್ದರೆ ಮದ್ದು ನಿಲ್ಲಿಸೋಕೆ ಬಿಡಬೇಡಿ. ಜೊತೆಗೆ ಹೋಗಿ. ಈ ಮದ್ದಿಂದ ಏನು ಲಾಭ, ಏನು ಅಪಾಯ, ಯಾವ ತಪಾಸಣೆ, ಯಾವತ್ತು ಅಂತ ಕನ್ನಡದಲ್ಲಿ ಕೇಳಿ, ಬರೆಸಿಕೊಳ್ಳಿ. ನಮ್ಮಜ್ಜನಿಗೆ ಕೇಳೋಕೆ ಅವಕಾಶ ಸಿಗಲಿಲ್ಲ. ಆಮೇಲೆ ಕೇಳಿಸಿಕೊಳ್ಳೋಕೆ ಕಿವಿಯೂ ಇರಲಿಲ್ಲ.

ಜೈ ಭೀಮ್.